ನಾಲ್ಕು ಗಿರಣಿಗಳ ಅಕ್ಕೋರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಕಂಪ್ಯೂಟರಿನ ಕೋಡಿನಲ್ಲಿ ಯಾರಾದರೂ ಟಿಪ್ಪಣಿ ಬರೆದು ಕೆಳಗೆ ತಮ್ಮ ಹೆಸರು ಹಾಕಿಕೊಂಡರೆ ಸಾಕು, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. "ಹೆಸರು ಬ್ಯಾಡ, ಕಾರಣ ಬರಿ. ಹೆಸರಿಗೆ ಬ್ಯಾರೆ ಕಡತ ಅದ" ಎನ್ನುತ್ತಿದ್ದರು. ಅವರ ಕೈಕೆಳಗೆ ಹದಿನಾರು ವರ್ಷ ದುಡಿದವನು ನಾನು. ಅವರು ತೀರಿಕೊಂಡು ವರ್ಷ ಕಳೆದ ಮೇಲೆ ಅವರ ಬಗ್ಗೆ ಬರೆಯಲು ಕೂತಾಗಲೂ ಆ ಮಾತೇ ಕಿವಿಯಲ್ಲಿದೆ. ಹಾಗಾಗಿ ಹೆಸರು ಬಿಟ್ಟು ಕಾರಣವನ್ನಷ್ಟೇ ಬರೆಯುತ್ತೇನೆ.

ಬಸವನ ಬಾಗೇವಾಡಿಯ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ಅವರು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಪ್ರಿನ್ಸಿಪಾಲರಿಂದ ಹಿಡಿದು ಚಹಾದ ಅಂಗಡಿಯವನವರೆಗೆ ಎಲ್ಲರಿಗೂ ಅವರು ಅಕ್ಕೋರೇ. ಮನಗೂಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಮನೆಯಲ್ಲಿ ಅತ್ತೆಯೊಂದಿಗೆ ಮರಾಠಿ, ನಮ್ಮೊಂದಿಗೆ ಕನ್ನಡ, ಸಿಟ್ಟು ನೆತ್ತಿಗೇರಿದರೆ ಯಾರೊಂದಿಗಾದರೂ ಮರಾಠಿ. ನಾನು ಲ್ಯಾಬಿನ ಇನ್‌ಸ್ಟ್ರಕ್ಟರ್, ಇಂಡಿಯವನು. ಮೊದಲ ದಿನ ಮನೆಯ ಗಿಡದ ಲಿಂಬೆಹಣ್ಣು ಒಂದು ಚೀಲ ಒಯ್ದು ಕೊಟ್ಟೆ. ತೂಗಿ ನೋಡುವವರಂತೆ ಚೀಲವನ್ನು ಎರಡು ಸಲ ಎತ್ತಿ ಇಳಿಸಿ, "ಇಂಡಿ ಸಾಹೇಬ್ರು ಲಂಚ ತಂದಾರ. ಉಪ್ಪಿನಕಾಯಿ ಹಾಕ್ತೇನಿ, ಮಾರ್ಕು ಹಾಕೂದಿಲ್ಲ" ಎಂದರು. ಅಂದಿನಿಂದ ನಾನು ಅವರಿಗೆ ಇಂಡಿ ಸಾಹೇಬನೇ ಆದೆ.

ಅವರ ಎರಡನೆಯ ಕೆಲಸದ ಬಗ್ಗೆ ಊರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಕಂಪ್ಯೂಟರಿನ ಒಳಗೆ ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎನ್ನುತ್ತಾರೆ. ನಾವು ಬಳಸುವ ಕರ್ನೆಲನ್ನು ಬೇರೆ ಬೇರೆ ದೇಶದವರು ಕೂಡಿ ಬರೆದು ಎಲ್ಲರಿಗೂ ಬಿಟ್ಟಿದ್ದಾರೆ. ಅದರ ಒಂದೊಂದು ಭಾಗಕ್ಕೂ ಒಬ್ಬೊಬ್ಬ ಉಸ್ತುವಾರಿ. ಎಲ್ಲರೂ ಮರೆತ ಒಂದು ಹಳೆಯ ಕಂಪ್ಯೂಟರ್ ಬೋರ್ಡಿನ ಬೂಟ್ ಕೋಡು, ಅಂದರೆ ಕರೆಂಟು ಬಂದ ಕ್ಷಣದಿಂದ ಕರ್ನೆಲ್ ಎದ್ದು ನಿಲ್ಲುವವರೆಗೆ ಓಡುವ ಮುನ್ನೂರು ಸಾಲು, ನಮ್ಮ ಅಕ್ಕೋರ ಉಸ್ತುವಾರಿಯಲ್ಲಿತ್ತು. ಕಾಲೇಜಿಗೆ ಆ ಬೋರ್ಡುಗಳು ಬಂದಾಗ ಕೋಡಿನ ತಪ್ಪು ತಿದ್ದಿ ಕಳಿಸಿದ್ದರಂತೆ. ಹಳೆಯ ಉಸ್ತುವಾರಿಗೆ ಸಾಕಾಗಿತ್ತು, ನೀವೇ ನೋಡಿಕೊಳ್ಳಿ ಎಂದು ಬಿಟ್ಟುಕೊಟ್ಟ. ಇದರಿಂದ ಅವರಿಗೆ ಬಡ್ತಿ ಬರಲಿಲ್ಲ, ಶಾಲು ಹೊದಿಸಿದವರಿಲ್ಲ. ಉಸ್ತುವಾರಿಗಳ ಹೆಸರು ಬರೆದಿಡುವ ಕಡತದಲ್ಲಿ ಮನಗೂಳಿಯ ಒಬ್ಬ ಹೆಂಗಸಿನ ಹೆಸರಿತ್ತು ಎಂದು ನೆನೆದರೆ ನನಗೆ ಇವತ್ತಿಗೂ ಎದೆ ಉಬ್ಬುತ್ತದೆ.

ಆ ಮುನ್ನೂರು ಸಾಲು ಏನು ಮಾಡುತ್ತವೆ ಎಂಬುದನ್ನು ಅವರು ಹುಡುಗರಿಗೆ ಹಲಗೆಯ ಮೇಲೆ ಬರೆದು ಕಲಿಸಲಿಲ್ಲ. ಮುಂಜಾನೆ ಎಂಟಕ್ಕೆ ಎಲ್ಲರನ್ನೂ ಗೇಟಿನ ಹೊರಗೆ ನಿಲ್ಲಿಸಿ, ಅಟೆಂಡರ್ ಸಿದ್ರಾಮಣ್ಣನನ್ನು ನೋಡಿ ಎನ್ನುತ್ತಿದ್ದರು. ಸಿದ್ರಾಮಣ್ಣ ಗೇಟಿನ ಕೀಲಿಯನ್ನು ಸ್ವಲ್ಪ ಮೇಲೆತ್ತಿ ತಿರುಗಿಸುತ್ತಿದ್ದ, ಎತ್ತದಿದ್ದರೆ ಅದು ತೆರೆಯುವುದಿಲ್ಲ. ಆಮೇಲೆ ಮೇನ್ ಸ್ವಿಚ್ ಹಾಕಿ, ಪಡಸಾಲೆಯ ಬಲ್ಬನ್ನೇ ನೋಡುತ್ತಾ ನಿಲ್ಲುತ್ತಿದ್ದ. ಬಲ್ಬಿನ ಮಿಣಮಿಣ ನಿಂತ ಮೇಲೆಯೇ ಲ್ಯಾಬಿನ ಸ್ವಿಚ್. ಅದಾದ ಮೇಲೆ ನಾವೆಲ್ಲ ಒಳಗೆ. "ಕರ್ನೆಲ್ ಅಂದ್ರ ನೀವು, ನಾನು, ಪ್ರಿನ್ಸಿಪಾಲರು. ಬೂಟ್ ಕೋಡ್ ಅಂದ್ರ ಸಿದ್ರಾಮಣ್ಣ" ಎಂದು ಪಾಠ ಮುಗಿಸುತ್ತಿದ್ದರು. ಸಿದ್ರಾಮಣ್ಣ ಪ್ರತಿ ವರ್ಷ ಆ ಒಂದು ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ.

ಟಿಪ್ಪಣಿಯ ವಿಷಯದಲ್ಲಿ ಅವರದು ಎರಡು ಪದ್ಧತಿ. ಬೇರೆಲ್ಲೂ ನಾನು ಕಂಡಿಲ್ಲ. ಕೋಡಿನ ಟಿಪ್ಪಣಿಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು, ಸರಿ. ಆದರೆ ಬರೆಯುವ ಮೊದಲು ಅದನ್ನು ಕನ್ನಡದಲ್ಲಿ ಸಿದ್ರಾಮಣ್ಣನಿಗೆ ಹೇಳಬೇಕು. ಅವನು "ಯಾಕ್ರಿ?" ಎಂದು ಕೇಳುತ್ತಾನೆ. ಉತ್ತರ ಕೊಡಬೇಕು. ಮತ್ತೆ "ಯಾಕ್ರಿ?" ಎನ್ನುತ್ತಾನೆ. ಅವನು ತಲೆ ಆಡಿಸಿದ ಮೇಲೆಯೇ ಬರೆಯಬೇಕು. ಎಂಜಿನಿಯರಿಂಗ್ ಮುಗಿಸಿದವರು ಎಷ್ಟೋ ಜನ ಸಿದ್ರಾಮಣ್ಣನ ಮುಂದೆ ಬೆವರಿದ್ದನ್ನು ನೋಡಿದ್ದೇನೆ. ಎರಡನೆಯ ಪದ್ಧತಿ ಇನ್ನೂ ಕಠಿಣ. ತಪ್ಪು ಮಾಡಿದವನೇ ಟಿಪ್ಪಣಿ ಬರೆಯಬೇಕು. ತಿದ್ದಿದವರು ಬರೆಯುವ ಹಾಗಿಲ್ಲ. "ತಿದ್ದಿದವ್ರಿಗೆ ತಪ್ಪು ಕಾಣಸ್ತದ, ಮಾಡಿದವ್ರಿಗೆ ಅದು ಯಾಕ ಆತು ಅನ್ನೂದು ಗೊತ್ತಿರ್ತದ" ಎನ್ನುತ್ತಿದ್ದರು.

ಈ ಎರಡನೆಯ ಪದ್ಧತಿ ನನ್ನ ಕುತ್ತಿಗೆಗೂ ಬಂತು.

ನಮ್ಮ ಹುಡುಗರು ಆ ಹಳೆಯ ಬೋರ್ಡುಗಳಿಂದ ಸುತ್ತಲಿನ ಕೆಲವು ಊರುಗಳಿಗೆ ಕುಡಿಯುವ ನೀರಿನ ಪಂಪಿನ ಪೆಟ್ಟಿಗೆ ಮಾಡಿಕೊಟ್ಟಿದ್ದರು. ಕರೆಂಟು ಬಂದ ಕೂಡಲೇ ಪಂಪು ತಾನೇ ಶುರುವಾಗುತ್ತದೆ, ಟಾಕಿ ತುಂಬಿದರೆ ತಾನೇ ನಿಲ್ಲುತ್ತದೆ. ಒಂದು ಸಲ ಕಾಲೇಜು ನೋಡಲು ಮೇಲಿನವರು ಬರುವವರಿದ್ದರು. ಅವರೆದುರು ಬೋರ್ಡು ಚಕ್ಕನೆ ಎದ್ದು ನಿಲ್ಲಬೇಕು ಎಂಬ ಹುಚ್ಚು ನನಗೆ. ಬೂಟ್ ಕೋಡಿನ ಮೊದಲಿಗೇ ನಾಲ್ಕು ಸಾಲು ಇದ್ದವು. ಅವು ಎಣಿಸುತ್ತಾ ಕೂರುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಯಾಕೆ ಎಂದು ಟಿಪ್ಪಣಿಯೂ ಇರಲಿಲ್ಲ. ಬೋರ್ಡಿನ ಚಿಪ್ ಮಾಡಿದವರ ಕೈಪಿಡಿ ತೆಗೆದು ನೋಡಿದೆ, ಅಷ್ಟು ಕಾಯಬೇಕೆಂದು ಎಲ್ಲೂ ಇಲ್ಲ. ಅಕ್ಕೋರು ಅತ್ತೆಯನ್ನು ಕರೆದುಕೊಂಡು ಪಂಢರಪುರಕ್ಕೆ ಹೋಗಿದ್ದರು. ನಾನು ನಾಲ್ಕೂ ಸಾಲು ಅಳಿಸಿಬಿಟ್ಟೆ.

ಪರೀಕ್ಷೆ ಮಾಡದೆ ಅಳಿಸಿದೆ ಎಂದುಕೊಳ್ಳಬೇಡಿ. ಮೂವತ್ತು ಸಲ ಪ್ಲಗ್ ಕಿತ್ತು ಹಾಕಿದೆ, ಮೂವತ್ತು ಸಲವೂ ಬೋರ್ಡು ಜಿಗಿದೆದ್ದಿತು. ಮೇಲಿನವರು ಬಂದರು, ಭೇಷ್ ಎಂದರು. ಅದೇ ಉಮೇದಿನಲ್ಲಿ ಗೊಳಸಂಗಿಯ ಆಚೆಯ ಒಂದು ಸಣ್ಣ ಊರಿನ ಪಂಪಿನ ಪೆಟ್ಟಿಗೆಗೂ ಹೊಸ ಕೋಡು ಹಾಕಿ ಬಂದೆ. ಆದರೆ ನನ್ನ ಮೂವತ್ತೂ ಪರೀಕ್ಷೆ ನಡೆದದ್ದು ಲ್ಯಾಬಿನ ಇನ್ವರ್ಟರಿನ ಮೇಲೆ. ನಮ್ಮ ಕಡೆ ಇನ್ವರ್ಟರ್ ಇಲ್ಲದ ಗೋಡೆಯ ಪ್ಲಗ್ಗಿಗೆ ಕಂಪ್ಯೂಟರ್ ಹಚ್ಚುವವರೇ ಇಲ್ಲ. ಅದು ಎಷ್ಟು ರೂಢಿಯೆಂದರೆ ನಾನು ಬಳಸುತ್ತಿರುವುದು ಊರಿನ ಕರೆಂಟಲ್ಲ ಎಂಬುದೇ ನನಗೆ ಹೊಳೆಯಲಿಲ್ಲ. ಇನ್ವರ್ಟರಿನ ಕರೆಂಟು ಸೀದಾ ಬರುತ್ತದೆ. ಊರಿನ ಕರೆಂಟು ಹೋಗಿ ಮರಳಿ ಬರುವಾಗ ಕುಂಟುತ್ತಾ, ಏಳುತ್ತಾ ಬೀಳುತ್ತಾ ಬರುತ್ತದೆ. ಅದು ನೆಟ್ಟಗೆ ನಿಲ್ಲುವ ಮೊದಲೇ ಬೋರ್ಡು ಎದ್ದರೆ ಅದರ ಮೆಮೊರಿ ಚಿಪ್ ಎಚ್ಚರಾಗದೆ ಅಲ್ಲೇ ಸ್ತಬ್ಧವಾಗುತ್ತದೆ. ಆ ಊರಿನಲ್ಲಿ ಆದದ್ದೂ ಅದೇ. ಎರಡು ದಿನ ಪಂಪು ಶುರುವಾಗಲಿಲ್ಲ, ಟಾಕಿ ಬತ್ತಿತು.

ಪಂಢರಪುರದಿಂದ ಬಂದ ಅಕ್ಕೋರು ಸುದ್ದಿ ಕೇಳಿ ಅತ್ತೆಯನ್ನಷ್ಟೇ ಮನೆಗೆ ಕಳಿಸಿದರು, ತಾವು ಹೋಗಲಿಲ್ಲ. ಪ್ರಸಾದದ ಚೀಲ ಹೆಗಲಲ್ಲಿರುವಂತೆಯೇ ನನ್ನನ್ನು ಆ ಊರಿಗೆ ಎಳೆದುಕೊಂಡು ಹೋದರು. ಹಳೆಯ ಕೋಡು ಹಾಕಿಸಿದರು, ಪಂಪು ಶುರುವಾಯಿತು. ಇನ್ನು ಹೊರಡೋಣ ಎಂದು ನಾನು ಬೂಟು ಹಾಕಿಕೊಂಡರೆ, "ಎಲ್ಲಿಗೆ? ಮಂದಿಗೆ ಹೇಳು" ಎಂದರು. ಟಾಕಿಯ ಮುಂದೆ ಕೊಡ ಹಿಡಿದ ಹೆಂಗಸರ ಸಾಲಿತ್ತು. ಅದರ ಮುಂದೆ ನಿಂತು ನಾನು ಕಾಯುವ ಸಾಲು, ಬೋರ್ಡು, ಕುಂಟುವ ಕರೆಂಟು ಎಲ್ಲ ಹೇಳಿದೆ. ಬಾಯಿ ಒಣಗಿತ್ತು. ಕುಡಿಯಲು ನೀರು ಕೇಳುವ ಧೈರ್ಯವಿರಲಿಲ್ಲ.

ಒಬ್ಬ ಮುದುಕಿ ಕೊಡ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೊದಲ ತಡಾ ಆಗಿ ಬರತಿತ್ತು, ಖರೆ ಬರತಿತ್ತು. ನೀ ಲಗೂ ಮಾಡಾಕ ಹೋಗಿ ಬರದಂಗ ಮಾಡಿದಿ. ಹೌದಿಲ್ಲೋ?"

"ಹೌದಬೇ" ಎಂದೆ.

"ತಪ್ಪು ಅರ್ಧ ನಂದೂ ಅದರೀ" ಎಂದು ಅಕ್ಕೋರು ಮುಂದೆ ಬಂದರು. "ಇಲ್ಲಿ ಯಾಕ ಕಾಯಬೇಕು ಅನ್ನೂದನ್ನ ನಾ ಬರದಿಡಲಿಲ್ಲ. ನನಗ ಕೊಟ್ಟಾವರೂ ಬರದಿಡಲಿಲ್ಲ, ನಾನೂ ಬರದಿಡಲಿಲ್ಲ. ಈ ಹುಡುಗಗ ಹ್ಯಾಂಗ ಗೊತ್ತಾಗಬೇಕು?"

ನನಗಾಗ ಮೂವತ್ತೈದು ದಾಟಿತ್ತು. ಆದರೂ ಅವರು ಹುಡುಗ ಎಂದದ್ದು ನನಗೆ ಹಿತವಾಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಬೈಯಲಿಲ್ಲ. "ಆ ಮುದುಕಿ ಹೇಳಿದ್ದನ್ನ ಬರಕೋ. ಅದಽ ಟಿಪ್ಪಣಿ" ಎಂದಷ್ಟೇ ಹೇಳಿ ಪಂಢರಪುರದ ಚುರುಮುರಿ ಕೊಟ್ಟರು. ಮರುದಿನ ಸಿದ್ರಾಮಣ್ಣನ ಮುಂದೆ ಹೇಳಿ, ತಲೆ ಆಡಿಸಿಕೊಂಡು, ಬರೆದೆ. ಕನ್ನಡದಲ್ಲಿ ಅದು ಹೀಗೆ: 'ಇಲ್ಲಿ ಕಾಯಿರಿ. ಬೇಗ ಆಗಲೆಂದು ಈ ಸಾಲುಗಳನ್ನು ಒಮ್ಮೆ ತೆಗೆದಿದ್ದೆವು. ಒಂದು ಊರಿಗೆ ಎರಡು ದಿನ ನೀರು ಬರಲಿಲ್ಲ.' ಕರ್ನೆಲಿನ ಹಿರಿಯನೊಬ್ಬ, ಎಲ್ಲೋ ಹಿಮ ಬೀಳುವ ದೇಶದವನು, ಟಿಪ್ಪಣಿಯಲ್ಲಿ ಊರಿನ ಕಥೆ ಯಾಕೆ ಎಂದು ಆಕ್ಷೇಪ ಎತ್ತಿದ. ಅಕ್ಕೋರು ಒಂದೇ ಸಾಲಿನ ಉತ್ತರ ಬರೆದರು: 'ಊರೇ ಕಾರಣ.' ಅವನು ಒಪ್ಪಿಕೊಂಡ. ಆ ಉತ್ತರವನ್ನು ನಾನು ಅಚ್ಚು ಹಾಕಿಸಿ ಲ್ಯಾಬಿನ ಗೋಡೆಗೆ ಅಂಟಿಸಿದೆ, ಅವರು ಹರಿದು ಹಾಕಿದರು.

ಕಾಯಬೇಕು, ಸರಿ. ಆದರೆ ಎಷ್ಟು? ಹಳೆಯ ಕೋಡಿನಲ್ಲಿದ್ದ ಅಂಕಿ ಯಾರದೋ ಅಂದಾಜು. ಅಂದಾಜನ್ನು ಇಟ್ಟುಕೊಳ್ಳಲು ಅಕ್ಕೋರು ತಯಾರಿರಲಿಲ್ಲ. "ಊರಾಗ ಎಲ್ಲಾಕಿಂತ ಕೆಟ್ಟ ಕರೆಂಟ್ ಎಲ್ಲಿ ಇರ್ತದ?" ಎಂದು ಕೇಳಿದರು. ಆಸ್ಪತ್ರೆ, ಬಸ್‌ಸ್ಟ್ಯಾಂಡು, ಟೂರಿಂಗ್ ಟಾಕೀಸು ಎಂದು ನಾನು ತಡಕಾಡುತ್ತಿದ್ದಾಗ ಸಿದ್ರಾಮಣ್ಣ, "ಗಿರಣ್ಯಾಗ್ರಿ" ಎಂದ. ಹಿಟ್ಟಿನ ಗಿರಣಿಯ ದೊಡ್ಡ ಮೋಟಾರು ಎದ್ದರೆ ಓಣಿಯ ಬಲ್ಬೆಲ್ಲ ಮಂಕಾಗುತ್ತದೆ. ಅದನ್ನು ನಾವೆಲ್ಲ ಹುಟ್ಟಿದಾಗಿನಿಂದ ನೋಡಿದ್ದೇವೆ.

ಹಾಗೆ ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ನಾಲ್ಕು ತಾಲೂಕಿನ ಗಿರಣಿ ಸುತ್ತಿದೆವು. ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ. ನನ್ನ ಹೆಗಲಿಗೆ ಬೋರ್ಡು ಮತ್ತು ಅಳೆಯುವ ಯಂತ್ರ, ಅವರ ಹೆಗಲಿಗೆ ಜೋಳದ ಚೀಲ. ಜೋಳ ಯಾಕೆಂದರೆ, ಗಿರಣಿಯವನ ಹೊತ್ತನ್ನು ಪುಕ್ಕಟೆ ತೆಗೆದುಕೊಳ್ಳಬಾರದಂತೆ. ಪ್ರತಿ ಊರಿನಲ್ಲೂ ಹೆಂಗಸರ ನಡುವೆ ಪಾಳಿ ಹಚ್ಚಿ ನಿಂತು, ತಮ್ಮ ಪಾಳಿ ಬಂದಾಗ ಜೋಳ ಸುರಿಸಿ, ಮೋಟಾರು ನಿಲ್ಲಿಸಿ ಹಾಕಿಸಿ ಅಳೆಯುತ್ತಿದ್ದರು. ಸಿಂದಗಿಯ ಗಿರಣಿಯವನಿಗೆ ಸಂಶಯ ಬಂತು.

"ಕರೆಂಟ್ ಆಫೀಸಿನವ್ರೇನ್ರಿ? ನಮ್ಮ ಮೀಟರ್ ಬರೋಬ್ಬರಿ ಐತ್ರಿ."

"ಅಲ್ಲಪಾ, ನಾ ಮಾಸ್ತರಿಕಿ ಮಾಡಾಕಿ. ನಿನ್ನ ಕರೆಂಟ್ ಎಷ್ಟು ಕೆಟ್ಟದ ಅನ್ನೂದನ್ನ ನೋಡ್ಲಿಕ್ಕೆ ಬಂದೇನಿ."

"ಹಂಗಾರ ಮುಂಜಾನೆ ಬರ್ರಿ, ಆವಾಗ ಇನ್ನಾ ಕೆಟ್ಟಿರತೈತಿ" ಎಂದ ಅವನು, ದೊಡ್ಡ ಉತ್ಸಾಹದಿಂದ. ನಾವು ಮರುದಿನ ಮುಂಜಾನೆ ಮತ್ತೆ ಸಿಂದಗಿಗೆ ಹೋದೆವು, ಇನ್ನೊಂದು ಚೀಲ ಜೋಳದೊಂದಿಗೆ.

ಎಲ್ಲಕ್ಕಿಂತ ಕೆಟ್ಟದ್ದು ಸಿಕ್ಕಿದ್ದು ಇಂಡಿಯಲ್ಲಿ, ನಮ್ಮ ಮನೆಯ ಹಿಂದಿನ ಓಣಿಯ ಗಿರಣಿಯಲ್ಲೇ. ನಮ್ಮ ಅಮ್ಮಿ ನನ್ನ ಕೈಯಲ್ಲಿ ಜೋಳ ಕೊಟ್ಟು ಕಳಿಸುತ್ತಿದ್ದದ್ದು ಅಲ್ಲಿಗೆ. ಯಂತ್ರದ ಪರದೆಯ ಮೇಲೆ ಗೆರೆ ಬಿದ್ದು, ಎದ್ದು, ಮತ್ತೆ ಬಿದ್ದು, ನೆಟ್ಟಗಾಗುವಷ್ಟರಲ್ಲಿ ನನಗೆ ನಾಚಿಕೆಯಾಯಿತು. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿದ್ದ ಅಕ್ಕೋರು ಮಾತ್ರ ನಗುತ್ತಿದ್ದರು. "ಇಂಡಿ ಸಾಹೇಬ್ರ, ನಿಮ್ಮೂರಽ ಗೆದ್ದಿತು ನೋಡ್ರಿ" ಎಂದರು. ಆ ಅಂಕಿಯೇ ಕೋಡಿನಲ್ಲಿ ಕೂತಿತು. ಅದರ ಪಕ್ಕದ ಟಿಪ್ಪಣಿಯನ್ನು ಅವರೇ ಬರೆದರು: 'ನಾಲ್ಕು ಊರಿನ ಹಿಟ್ಟಿನ ಗಿರಣಿಗಳಲ್ಲಿ ಅಳೆದದ್ದು. ಅತಿ ಕೆಟ್ಟದ್ದನ್ನು ಇಟ್ಟುಕೊಂಡಿದ್ದೇವೆ. ಇದಕ್ಕಿಂತ ಕೆಟ್ಟ ಗಿರಣಿ ನಿಮ್ಮಲ್ಲಿದ್ದರೆ ತಿಳಿಸಿ.' ಐದು ಚೀಲ ಹಿಟ್ಟನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದರು.

ಅವರು ನಿವೃತ್ತರಾದ ದಿನ ಭಾಷಣ, ಹಾರ, ಫೋಟೋ ಎಲ್ಲ ಮುಗಿದ ಮೇಲೆ ನನ್ನನ್ನು ಲ್ಯಾಬಿಗೆ ಕರೆದರು. "ಇನ್ನ ಕಡತದಾಗ ನಿನ್ನ ಹೆಸರು ಹಾಕ್ತೇನಿ. ಉಸ್ತುವಾರಿ ನೀ ತಗೋ" ಎಂದರು. ನಾನು ಒಲ್ಲೆ ಎಂದೆ. ಖಾಲಿ ಕೊಡಗಳ ಆ ಸಾಲು ನನ್ನ ಕಣ್ಣಿಂದ ಹೋಗಿರಲಿಲ್ಲ.

"ತಪ್ಪು ಮಾಡಿದ ಕೈ ಅಕ್ಕೋರ ಇದು. ಬ್ಯಾರೆ ಯಾರಿಗರ ಕೊಡ್ರಿ."

"ತಪ್ಪು ಮಾಡದಾವ್ರ ಕೈಯಾಗ ನಾ ಇದನ್ನ ಕೊಡಾಕಿ ಅಲ್ಲ" ಎಂದರು. ನಾನು ತಲೆ ತಗ್ಗಿಸಿ ಹಾರಗಳನ್ನು ಅವರ ಚೀಲಕ್ಕೆ ತುಂಬಿದೆ. ಅವರು ಮರಾಠಿಯಲ್ಲಿ ಏನೋ ಗೊಣಗಿ, ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು. ಮನಗೂಳಿಯ ಮನೆಯಲ್ಲೇ ಕೂತು ಮತ್ತೆ ಕೆಲವು ವರ್ಷ ಒಬ್ಬರೇ ನೋಡಿಕೊಂಡರು. ನಾನು ಹಬ್ಬಕ್ಕೆ ಲಿಂಬೆಹಣ್ಣು ಒಯ್ದು ಕೊಡುತ್ತಿದ್ದೆ. ಉಸ್ತುವಾರಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಾಗಿತ್ತು. ಕಾಯಿಲೆ ಅವರಿಗೆ ಹೆಚ್ಚು ದಿನ ಕೊಡಲಿಲ್ಲ.

ಅವರು ಹೋದ ಕೆಲವು ತಿಂಗಳಿಗೆ ಕರ್ನೆಲಿನವರೆಲ್ಲರ ಇಮೇಲಿಗೆ ಒಂದು ಸೂಚನೆ ಬಂತು. ಈ ಬೋರ್ಡು ಬಹಳ ಹಳೆಯದು, ಇದರ ಉಸ್ತುವಾರಿ ಕಾಗದಕ್ಕೆ ಉತ್ತರಿಸುತ್ತಿಲ್ಲ, ಯಾರೂ ದನಿ ಎತ್ತದಿದ್ದರೆ ಮುಂದಿನ ಆವೃತ್ತಿಯಿಂದ ಇದರ ಕೋಡನ್ನು ತೆಗೆಯಲಾಗುವುದು ಎಂದು. ತೆಗೆದರೆ ನಮ್ಮ ಊರುಗಳ ಪಂಪಿನ ಪೆಟ್ಟಿಗೆಗಳಿಗೆ ಇನ್ನು ಯಾವ ತಿದ್ದುಪಡಿಯೂ ಬರುವುದಿಲ್ಲ. ಮುನ್ನೂರು ಸಾಲು, ಮುದುಕಿಯ ಮಾತು, ನಾಲ್ಕು ಗಿರಣಿ ಎಲ್ಲ ಒಂದೇ ಏಟಿಗೆ ಅಳಿಸಿಹೋಗುತ್ತವೆ. ಅದನ್ನು ಓದಿ ನಾನು ಎರಡು ದಿನ ಮಂಕಾಗಿ ತಿರುಗಿದೆ.

ಸಿದ್ರಾಮಣ್ಣನೂ ಆ ತಿಂಗಳು ನಿವೃತ್ತನಾಗುವವನಿದ್ದ. ಹೊಸ ಅಟೆಂಡರನನ್ನು ಗೇಟಿಗೆ ಕರೆದುಕೊಂಡು ಹೋಗಿ, ಕೀಲಿಯನ್ನು ಎತ್ತಿ ತಿರುಗಿಸುವುದನ್ನು ತೋರಿಸುತ್ತಿದ್ದ. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದ. ಹೇಳಿದೆ.

"ಹಂಗಾರ ನೀವು ದನಿ ಎತ್ರಿ."

"ಮತ್ತ ತಪ್ಪು ಮಾಡಿದ್ರ?"

"ಯಾಕ್ರಿ ಮಾಡ್ತೀರಿ?" ಎಂದ, ಹಳೆಯ ಅಭ್ಯಾಸದಂತೆ. ಆಮೇಲೆ ಕೀಲಿಯನ್ನು ಹೊಸಬನ ಕೈಗಿಟ್ಟು, "ನಾ ಇಲ್ಲಿ ಬಂದಾಗ ಇದನ್ನ ಹ್ಯಾಂಗ ತೆಗಿಬೇಕಂತ ಯಾರೂ ಹೇಳಿರಲಿಲ್ರಿ. ಎರಡು ಕೀಲಿ ಮುರದೇನಿ. ಅದಕ್ಕ ಈಗ ಇಂವಗ ಹೇಳಾಕತ್ತೇನಿ" ಎಂದ.

ಅಂದು ಸಂಜೆಯೇ ಬರೆದೆ, ಈ ಬೋರ್ಡನ್ನು ನಾನು ನೋಡಿಕೊಳ್ಳುತ್ತೇನೆ ಎಂದು. ಕರ್ನೆಲಿನವರು ಕೇಳಿದ್ದು ಎರಡೇ. ಹೊಸ ಆವೃತ್ತಿ ಬೋರ್ಡಿನ ಮೇಲೆ ಏಳುತ್ತದೆ ಎಂದು ತೋರಿಸು, ಹೆಸರಿನ ಕಡತ ಸರಿಪಡಿಸು. ಮೊದಲನೆಯದನ್ನು ಇಂಡಿಯ ಗಿರಣಿಯಲ್ಲಿ ಕೂತು ಮಾಡಿದೆ, ಇನ್ವರ್ಟರ್ ಇಲ್ಲದೆ, ಪಾಳಿಯಲ್ಲಿ ನಿಂತು, ಜೋಳ ಬೀಸಿಸಿ. ಎರಡನೆಯದು ಕಷ್ಟವಾಯಿತು. ಉಸ್ತುವಾರಿಯಾಗಿ ನನ್ನ ಮೊದಲ ಕೆಲಸ ಅಕ್ಕೋರ ಹೆಸರು ತೆಗೆಯುವುದು. ಅಳುತ್ತಲೇ ತೆಗೆದೆ. ಹಿಂದೆ ನೋಡಿಕೊಂಡವರ ಪಟ್ಟಿ ಬೇರೆ ಇದೆ. ಅಲ್ಲಿ ಅವರ ಹೆಸರನ್ನೂ ಊರು ಮನಗೂಳಿ ಎಂಬುದನ್ನೂ ಸೇರಿಸಿದೆ. ಬೇಕಾದವರು ಹೋಗಿ ನೋಡಬಹುದು.

ಕಳೆದ ತಿಂಗಳು ಒಂದು ಕಾಗದ ಬಂತು. ಯಾವುದೋ ಗುಡ್ಡಗಾಡು ದೇಶದ ಒಬ್ಬ ಶಾಲಾ ಶಿಕ್ಷಕಿಯದು. ಇದೇ ಹಳೆಯ ಬೋರ್ಡು ಅವಳ ಊರಿನ ನೀರಿನ ಪಂಪಿನಲ್ಲೂ ಇದೆಯಂತೆ. ಕರೆಂಟು ಬಂದಾಗ ಒಮ್ಮೊಮ್ಮೆ ಏಳುವುದಿಲ್ಲವಂತೆ. ಕೋಡು ತೆರೆದು ಟಿಪ್ಪಣಿ ಓದಿ, ಊರಿನ ಗಿರಣಿಗೆ ಹೋಗಿ ಅಳೆದಿದ್ದಾಳೆ. 'ನೀವು ತಿಳಿಸಿ ಎಂದಿದ್ದೀರಿ, ಅದಕ್ಕೆ ತಿಳಿಸುತ್ತಿದ್ದೇನೆ. ನಮ್ಮ ಗಿರಣಿ ನಿಮ್ಮದಕ್ಕಿಂತ ಕೆಟ್ಟದ್ದು' ಎಂದು ಬರೆದು ಅಂಕಿ ಕಳಿಸಿದ್ದಾಳೆ.

ನಾನು ಸಿದ್ರಾಮಣ್ಣನ ಮನೆಗೆ ಹೋದೆ. ಪದ್ಧತಿ ಅಂದರೆ ಪದ್ಧತಿ. ಅವನು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿದ.

"ಹಂಗಾರ ಅಕ್ಕೋರ ಅಂಕಿ ತಪ್ಪಾತು?"

"ತಪ್ಪಾತು."

"ಯಾಕ್ರಿ?"

"ಇದಕ್ಕಿಂತ ಕೆಟ್ಟ ಗಿರಣಿ ನಾವು ನೋಡಿರಲಿಲ್ಲ."

ಸಿದ್ರಾಮಣ್ಣ ತಲೆ ಆಡಿಸಿದ. ಆಮೇಲೆ ಏನೋ ನೆನಪಾದವನಂತೆ, "ತಪ್ಪು ಮಾಡಿದವ್ರಽ ಬರೀಬೇಕಲ್ರಿ. ಈಗ ಹ್ಯಾಂಗ?" ಎಂದ.

ಲ್ಯಾಬಿಗೆ ಬಂದು ಕೋಡು ತೆರೆದೆ. ಅಂಕಿ ಹೆಚ್ಚಿಸಿದೆ. ಟಿಪ್ಪಣಿಯಲ್ಲಿ 'ನಾಲ್ಕು' ಎಂದಿದ್ದದ್ದನ್ನು 'ಐದು' ಮಾಡಿದೆ. ಇನ್ನು ಅಂಕಿ ಯಾಕೆ ತಪ್ಪಾಯಿತೆಂದು ಬರೆಯಹೋದರೆ ನಾನು ಬರೆಯಲು ಏನೂ ಉಳಿದಿರಲಿಲ್ಲ. ಕೊನೆಯ ಸಾಲಿನಲ್ಲಿ ಅಕ್ಕೋರು ಅದನ್ನು ಎಷ್ಟೋ ವರ್ಷ ಮೊದಲೇ ಬರೆದಿಟ್ಟು ಹೋಗಿದ್ದರು: ಇದಕ್ಕಿಂತ ಕೆಟ್ಟ ಗಿರಣಿ ನಿಮ್ಮಲ್ಲಿದ್ದರೆ ತಿಳಿಸಿ. ಆ ಸಾಲನ್ನು ನಾನು ಮುಟ್ಟಲಿಲ್ಲ.